ಕೆಂಪು ಟೋಪಿ, ಬಿಳಿ ಶರ್ಟು, ಮಧ್ಯದಲ್ಲಿ ನನ್ ತಂಗಿ ಸ್ಕೂಟಿ

ಒಂದೇ ಬ್ರೇಕ್ ಮಾರ್ಕನ್ನ ಎರಡು ಥರ ಪೊಲೀಸರು ಎರಡು ಟೇಪ್ ಹಿಡ್ಕೊಂಡು ಎರಡು ಸಲ ಅಳೆದಿದ್ದು ನಾನು ಜೀವನದಲ್ಲಿ ಅವತ್ತೇ ಮೊದಲು ನೋಡಿದ್ದು. ಹೋದ ವರ್ಷ ಬೆಂಗಳೂರಿನ ಹಳೇ ಏರ್‌ಪೋರ್ಟ್ ರೋಡಲ್ಲಿ ನನ್ ತಂಗಿ ಸ್ಕೂಟಿಗೆ ಮಿಲ್ಟ್ರಿ ಲಾರಿ ಗುದ್ದಿತ್ತು, ಭುಜದ ಹತ್ರ ಕಾಲರ್ ಬೋನ್ ಮುರಿದು ಆಸ್ಪತ್ರೆಗೆ ಕರ್ಕೊಂಡ್ ಹೋಗಿದ್ರು, ನಾನು ಅವಳನ್ನ ನೋಡಿ, ಅಮ್ಮನ್ನ ಅಲ್ಲಿ ಕೂರಿಸಿ, ಗಾಡಿ ಏನಾಯ್ತು ಅಂತ ಸ್ಪಾಟಿಗೆ ಬಂದ್ರೆ ಒಂದು ಕಡೆ ನಮ್ಮ ಬಿಳಿ ಶರ್ಟಿನ ಟ್ರಾಫಿಕ್ ಪೊಲೀಸ್ರು ಮಹಜರು ಬರೀತಾ ಇದಾರೆ, ಇನ್ನೊಂದು ಕಡೆ ಕೆಂಪು ಟೋಪಿ ಹಾಕ್ಕೊಂಡು ತೋಳಲ್ಲಿ ಎಂಪಿ (ಮಿಲಿಟರಿ ಪೊಲೀಸ್) ಅಂತ ಪಟ್ಟಿ ಕಟ್ಕೊಂಡಿರೋ ಇಬ್ರು ಅವ್ರದ್ದೇ ಪ್ಯಾಡಲ್ಲಿ ಅವ್ರದ್ದೇ ಸ್ಕೆಚ್ ಹಾಕ್ತಾ ಇದಾರೆ. ಒಬ್ರನ್ನೊಬ್ರು ತಡೀತಾನೂ ಇಲ್ಲ, ಸಹಾಯಾನೂ ಮಾಡ್ತಿಲ್ಲ. ಲಾರಿ ಓಡಿಸ್ತಿದ್ದ ಹುಡುಗ ಫುಟ್‌ಪಾತ್ ಮೇಲೆ ತಲೆ ಬಗ್ಗಿಸ್ಕೊಂಡು ಕೂತಿದ್ದ, 22 ವರ್ಷ ಇರ್ಬೇಕಷ್ಟೆ.

ಯಾವ ಯೂನಿಟ್ ಲಾರಿ, ಯಾವ ಸ್ಟೇಷನ್ನು ಅಂತೆಲ್ಲ ಇಲ್ಲಿ ಬರೆಯಲ್ಲ, ಕೇಸ್ ನಡೀತಿದೆ.

ನನಗೆ ಅವತ್ತು ಬಂದಿದ್ದ ಡೌಟು ಎಲ್ರಿಗೂ ಬರೋದೇ. ಇದನ್ನ ತನಿಖೆ ಮಾಡೋರು ಯಾರು? ಮಿಲ್ಟ್ರಿಯವ್ರು ಅವ್ರ ಹುಡುಗನ್ನ ಎತ್ತಾಕ್ಕೊಂಡ್ ಹೋದ್ರೆ ಮುಗೀತಾ ಕಥೆ? ಅದೃಷ್ಟಕ್ಕೆ ನಮ್ ಸೋದರಮಾವ ಇದಾರೆ, ಕೋರ್ ಆಫ್ ಮಿಲಿಟರಿ ಪೊಲೀಸಲ್ಲೇ ಸರ್ವಿಸ್ ಮಾಡಿ ನಾಯಬ್ ಸುಬೇದಾರ್ ಆಗಿ ರಿಟೈರ್ ಆದವ್ರು, ಈಗ ರಾಮಮೂರ್ತಿನಗರದಲ್ಲಿ ಮನೆ, ಒಂದು ಅಪಾರ್ಟ್‌ಮೆಂಟಲ್ಲಿ ಸೆಕ್ಯುರಿಟಿ ಇನ್‌ಚಾರ್ಜ್. ಫೋನ್ ಮಾಡಿದ ತಕ್ಷಣ ಅವ್ರು ಕೇಳಿದ್ದು ಒಂದೇ, "ಲೋ, ನಂಬರ್ ಪ್ಲೇಟ್ ಫೋಟೋ ತಗೊಂಡ್ಯಾ? ಬಾಣದ ಗುರುತು ಸಮೇತ ತಗೋ." ಮಿಲ್ಟ್ರಿ ಗಾಡಿ ಪ್ಲೇಟಲ್ಲಿ ಮೇಲ್ಮುಖ ಬಾಣ ಇರುತ್ತಲ್ಲ, ಅದರ ಪಕ್ಕದ ಎರಡು ಅಂಕಿ ಗಾಡಿ ಸೇನೆಗೆ ಬಂದ ವರ್ಷ. ಕೆಎ 03, ಕೆಎ 53 ನೋಡಿ ಬೆಳೆದ ನಮಗೆ ಅದು ನಂಬರ್ ಅಂತಾನೇ ಅನ್ಸಲ್ಲ.

ಆಮೇಲೆ ಭಾನುವಾರ ಅವ್ರ ಮನೆಗೆ ಹೋಗಿ ಕೂತು ಕೇಳ್ದೆ. ಮಾಮ ಹೇಳಿದ್ದು, ನಾನು ಆಮೇಲೆ ಕಾಯ್ದೆ ಪುಸ್ತಕ ತಿರುವಿ ನೋಡಿದ್ದು, ಎರಡೂ ಸೇರಿಸಿ ಬರೀತಿದೀನಿ.

ಮೊದಲನೇದು, ಕೆಂಪು ಟೋಪಿಯವ್ರಿಗೆ ನಿಮ್ಮ ಮೇಲೆ ನಮ್ಮ ಮೇಲೆ ಪೊಲೀಸ್ ಅಧಿಕಾರ ಇಲ್ಲ. 1950ರ ಆರ್ಮಿ ಆಕ್ಟಲ್ಲಿ 107ನೇ ಸೆಕ್ಷನ್ ಅಂತ ಇದೆ, ಪ್ರೊವೋಸ್ಟ್ ಮಾರ್ಷಲ್ (ಮಿಲಿಟರಿ ಪೊಲೀಸ್ ಮುಖ್ಯಸ್ಥರು) ಮತ್ತು ಅವ್ರ ಕೈಕೆಳಗಿನವ್ರು ಏನೇನು ಮಾಡಬಹುದು ಅಂತ. ಆ ಆಕ್ಟಿಗೆ ಒಳಪಟ್ಟವ್ರು ತಪ್ಪು ಮಾಡಿದ್ರೆ ಹಿಡೀಬಹುದು, ವಿಚಾರಣೆಗೆ ಅಂತ ಇಟ್ಕೋಬಹುದು, ಶಿಸ್ತು ಕಾಪಾಡಬಹುದು. ಆದ್ರೆ ಸ್ವಂತ ಅಧಿಕಾರದ ಮೇಲೆ ಶಿಕ್ಷೆ ಕೊಡೋ ಹಾಗಿಲ್ಲ, ಆಫೀಸರ್‌ನ ಹಿಡೀಬೇಕಂದ್ರೆ ಇನ್ನೊಬ್ಬ ಆಫೀಸರ್ ಆರ್ಡರ್ ಬೇಕು. ಇದನ್ನ ಓದಿದ್ಮೇಲೆ, ಹೆಲ್ಮೆಟ್ ಇಲ್ದೆ ಬರೋ ನಮ್ಮ ಹುಡುಗ್ರು ಕಬ್ಬನ್ ರೋಡಲ್ಲಿ ಕೆಂಪು ಟೋಪಿ ಕಂಡು ಯೂ ಟರ್ನ್ ಹೊಡೆಯೋದು ನೆನಪಾಗಿ ನಗು ಬಂತು. ಅಪ್ಪಾ, ಅವ್ರು ನಿಮಗೆ ಫೈನ್ ಹಾಕಲ್ಲ!

ಈ ಹೆದರಿಕೆ ನಮ್ಮೂರಿಗೆ ಹಳೇದು. ನಮ್ಮಜ್ಜಿ ಕೊನೇವರೆಗೂ ಕಂಟೋನ್ಮೆಂಟ್ ಅಂದವ್ರಲ್ಲ, "ದಂಡು" ಅಂತಾನೇ ಅಂತಿದ್ರು, ಪೇಟೆ ಬೇರೆ ದಂಡು ಬೇರೆ. 1947ರಲ್ಲಿ ಬ್ರಿಟಿಷರು ಅದನ್ನ ಮೈಸೂರು ಸಂಸ್ಥಾನಕ್ಕೆ ವಾಪಸ್ ಕೊಟ್ಟು, 1949ರಲ್ಲಿ ಎರಡೂ ಒಂದೇ ಕಾರ್ಪೊರೇಷನ್ ಆಯ್ತು, ಆದ್ರೂ ಕಾಂಪೌಂಡ್ ಗೋಡೆಗಳು ಹಾಗೇ ಇವೆ ನೋಡಿ. ಮಿಲಿಟರಿ ಪೊಲೀಸ್ ಟ್ರೇನಿಂಗ್ ಸೆಂಟರ್ ಇರೋದೂ ನಮ್ಮೂರಲ್ಲೇ. ಮಾಣೆಕ್ ಷಾ ಪರೇಡ್ ಗ್ರೌಂಡಲ್ಲಿ ಬೈಕ್ ಮೇಲೆ ಪಿರಮಿಡ್ ಕಟ್ಟೋ ಶ್ವೇತ ಅಶ್ವ ತಂಡ ಅವ್ರದ್ದೇ. 2021ರ ಮೇ ತಿಂಗಳಲ್ಲಿ ಮಹಿಳಾ ಮಿಲಿಟರಿ ಪೊಲೀಸರ ಮೊದಲ ಬ್ಯಾಚು, 83 ಜನ, 61 ವಾರ ಟ್ರೇನಿಂಗ್ ಮುಗ್ಸಿ ಇಲ್ಲಿಂದಾನೇ ಹೊರಬಿದ್ರು. ಹೆಣ್ಣುಮಕ್ಕಳಿಗೆ ಸಂಬಂಧಪಟ್ಟ ಕೇಸುಗಳ ತನಿಖೆ ಅವ್ರ ಕೆಲಸಗಳಲ್ಲಿ ಒಂದು. ಮಾಮನಿಗೆ ಆ ಫೋಟೋ ವಾಟ್ಸಾಪಲ್ಲಿ ಬಂದಾಗ ಏನೋ ಸ್ವಂತ ಮಗಳೇ ಪಾಸ್ ಆದ ಹಾಗೆ ಎಲ್ರಿಗೂ ಫಾರ್ವರ್ಡ್ ಮಾಡಿದ್ರು.

ಸರಿ, ಕೇಸಿಗೆ ಬರೋಣ. ಟ್ರಾಫಿಕ್ ಸ್ಟೇಷನಲ್ಲಿ ಎಫ್‌ಐಆರ್ ಆಯ್ತು, ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 281 ಮತ್ತೆ 125, ಅಂದ್ರೆ ಅಡ್ಡಾದಿಡ್ಡಿ ಓಡಿಸಿದ್ದು, ಅದರಿಂದ ಏಟಾಗಿದ್ದು. ನಾನು ಅಂದ್ಕೊಂಡೆ ಇನ್ನೇನು ಚಾರ್ಜ್‌ಶೀಟ್, ಮ್ಯಾಜಿಸ್ಟ್ರೇಟ್, ಮಾಮೂಲಿ. ಮಾಮ ತಲೆ ಅಲ್ಲಾಡಿಸಿದ್ರು. ಸೈನಿಕ ಮಾಡಿದ ಮಾಮೂಲಿ ಕ್ರಿಮಿನಲ್ ಅಪರಾಧಾನೂ ಆರ್ಮಿ ಆಕ್ಟ್ 69ರ ಪ್ರಕಾರ ಕೋರ್ಟ್ ಮಾರ್ಷಲಲ್ಲಿ, ಅಂದ್ರೆ ಸೇನೆಯ ಸ್ವಂತ ಕೋರ್ಟಲ್ಲಿ, ವಿಚಾರಣೆ ಆಗಬಹುದು, ಹಾಗಾಗಿ ಒಂದೇ ಅಪರಾಧಕ್ಕೆ ಎರಡು ಬಾಗಿಲು. ಯಾವ ಬಾಗಿಲು ಅಂತ ಮೊದಲು ಹೇಳೋ ಹಕ್ಕು ಸೇನೆಯ ಹಿರಿಯ ಕಮಾಂಡರಿಗೆ ಇದೆ, ಅದು 125ನೇ ಸೆಕ್ಷನ್. ಮ್ಯಾಜಿಸ್ಟ್ರೇಟ್ ತಾವಾಗೇ ಶುರು ಮಾಡ್ಬೇಕಂದ್ರೆ 1978ರ ರೂಲ್ಸ್ ಪ್ರಕಾರ ಕಮಾಂಡಿಂಗ್ ಆಫೀಸರಿಗೆ ನೋಟಿಸ್ ಕೊಟ್ಟು 15 ದಿನ ಕಾಯ್ಬೇಕು. ಕೋರ್ಟಿಗೆ "ಇಲ್ಲ, ಇದು ನನ್ನ ಹತ್ರಾನೇ ನಡೀಬೇಕು" ಅನ್ನಿಸಿದ್ರೆ 126ರಲ್ಲಿ ಕೇಳಬಹುದು, ಜಗಳ ಬಗೆಹರೀದೇ ಇದ್ರೆ ಕೇಂದ್ರ ಸರ್ಕಾರ ಹೇಳಿದ್ದೇ ಕೊನೆ ಮಾತು. ಒಂದು ದೊಡ್ಡ ಹೊರತು ಇದೆ, ಸೈನಿಕ ಅಲ್ಲದವ್ರನ್ನ ಕೊಲೆ ಮಾಡಿದ್ರೆ, ಅತ್ಯಾಚಾರ ಮಾಡಿದ್ರೆ, ಅದು ಕೋರ್ಟ್ ಮಾರ್ಷಲ್‌ಗೆ ಹೋಗಲ್ಲ, ನಮ್ಮ ಮಾಮೂಲಿ ಕೋರ್ಟಿಗೇ ಬರ್ಬೇಕು, ಆಕ್ಟಿವ್ ಸರ್ವಿಸಲ್ಲಿದ್ರೆ (ಯುದ್ಧ, ಕಾರ್ಯಾಚರಣೆ ಥರದ್ದು), ದೇಶದ ಹೊರಗಿದ್ರೆ, ಇಲ್ಲಾ ಗೊತ್ತುಮಾಡಿದ ಗಡಿ ಪೋಸ್ಟಲ್ಲಿದ್ರೆ ಮಾತ್ರ ಬೇರೆ. ನಮ್ದು ಮೂಳೆ ಮುರಿದ ಕೇಸು, ಸೇನೆಯವ್ರು ನಾವೇ ನೋಡ್ಕೋತೀವಿ ಅಂದ್ರು, ಮ್ಯಾಜಿಸ್ಟ್ರೇಟ್ ಒಪ್ಪಿದ್ರು, ಫೈಲು ಗೋಡೆ ದಾಟಿ ಆ ಕಡೆ ಹೋಯ್ತು.

ನನಗೆ ಸಿಟ್ಟು ಬಂತು. ಸುಳ್ಳು ಹೇಳಲ್ಲ, ಅಮ್ಮನ ಮುಂದೆ ಕೂಗಾಡ್ದೆ, ಮುಚ್ಚಾಕ್ತಾರೆ ಅಂತ.

ಮುಂದೆ ನಡೆದಿದ್ದೇ ನಾನು ಈ ಪೋಸ್ಟ್ ಬರೀತಿರೋದಕ್ಕೆ ಕಾರಣ. ಎರಡು ತಿಂಗಳಾದ್ಮೇಲೆ ತಂಗಿಗೆ ಒಂದು ಸಮನ್ಸ್ ಬಂತು, ಸಾಕ್ಷಿಗಳ ಹೇಳಿಕೆ ಬರೆದಿಡೋ ಸಮ್ಮರಿ ಆಫ್ ಎವಿಡೆನ್ಸ್‌ಗೆ ಸಾಕ್ಷಿಯಾಗಿ ಬನ್ನಿ ಅಂತ. ನಾನೂ ಮಾಮಾನೂ ಜೊತೆಗೆ ಹೋದ್ವಿ, ಗೇಟಲ್ಲಿ ಆಧಾರ್ ತೋರಿಸಿ, ಮೊಬೈಲ್ ಕೊಟ್ಟು, ಪಾಸ್ ಇಸ್ಕೊಂಡು, ನಮ್ಮಿಬ್ರನ್ನ ಹೊರಗೆ ಬೆಂಚಲ್ಲಿ ಕೂರಿಸಿ ಅವಳನ್ನ ಮಾತ್ರ ಒಳಗೆ ಕರೆದ್ರು. ಕಾಯೋವಾಗ ಮಾಮ ಮೆತ್ತಗೆ ವಿವರಿಸ್ತಾ ಇದ್ರು. ಇದಕ್ಕೂ ಮುಂಚೆ ಕೋರ್ಟ್ ಆಫ್ ಇನ್ಕ್ವೈರಿ ಅಂತ ಆಗಿರುತ್ತೆ, ಹೆಸರಲ್ಲಿ ಕೋರ್ಟ್ ಇದ್ರೂ ಅದು ಏನಾಯ್ತು ಅಂತ ತಿಳ್ಕೊಳೋ ವಿಚಾರಣೆ ಅಷ್ಟೆ, ಅದರ ಕಾಗದ ಕೋರ್ಟ್ ಮಾರ್ಷಲಲ್ಲಿ ಸಾಕ್ಷ್ಯ ಆಗಲ್ಲ, 1954ರ ಆರ್ಮಿ ರೂಲ್ಸಲ್ಲಿ 182ನೇ ರೂಲೇ ಹಾಗನ್ನುತ್ತೆ. ಆದ್ರೆ ಯಾರ ಹೆಸರು ಕೆಡೋ ಹಾಗಿದ್ಯೋ ಅವನು ಅಲ್ಲಿ ಶುರುವಿಂದ ಕೊನೇವರೆಗೂ ಕೂರಬಹುದು, ಸಾಕ್ಷಿಗಳಿಗೆ ಪ್ರಶ್ನೆ ಹಾಕಬಹುದು, ಅದು 180ನೇ ರೂಲು. ಆಮೇಲೆ ರೂಲ್ 22, ಸಿಒ (ಕಮಾಂಡಿಂಗ್ ಆಫೀಸರ್) ಸಾಹೇಬ್ರ ಮುಂದೆ ಹುಡುಗನ್ನ ನಿಲ್ಸಿ, ಆರೋಪ ಓದಿ, ಅವನ ಎದುರಲ್ಲೇ ಸಾಕ್ಷಿ ಕೇಳೋದು. ಅಲ್ಲೇ ಅವ್ರು ಕೈಬಿಡಬಹುದು, ಅಲ್ಲೇ ಚಿಕ್ಕ ಶಿಕ್ಷೆ ಕೊಡಬಹುದು, ಇಲ್ಲಾ ಸಾಕ್ಷ್ಯ ಬರವಣಿಗೆಗೆ ಇಳಿಸಿ ಅಂತ ರೂಲ್ 23ಕ್ಕೆ ಕಳಿಸಬಹುದು. ನಾವು ಕೂತಿದ್ದು ಆ 23ರ ಹೊರಗಡೆ.

"ಹಾಗಾದ್ರೆ ಅವತ್ತು ರೋಡಲ್ಲಿ ನಿಮ್ಮವ್ರು ಟೇಪ್ ಹಿಡಿದು ಅಳೆದಿದ್ದು?" ಅಂದೆ.

"ಅದು ನಮ್ ರಿಪೋರ್ಟು ಕಣೋ. ಅಳತೆ, ಸ್ಕೆಚ್ಚು, ಗಾಡಿ ಸ್ಥಿತಿ, ಯಾರ್ ಯಾರು ಇದ್ರು, ಅಷ್ಟು ಬರ್ದು ಮೇಲಕ್ಕೆ ಕಳಿಸ್ತೀವಿ. ಯಾರಿಗೆ ಏನ್ ಮಾಡ್ಬೇಕು ಅನ್ನೋದು ನಮ್ ಕೈಲಿಲ್ಲ."

ತಂಗಿ ಒಂದು ಗಂಟೆ ಬಿಟ್ಟು ಹೊರಗೆ ಬಂದ್ಲು, ಮುಖ ಒಂಥರಾ ಇತ್ತು. ಒಬ್ಬ ಕ್ಯಾಪ್ಟನ್ ಬರ್ಕೋತಿದ್ರಂತೆ, ಹಾಸನದ ಕಡೆ ಹವಾಲ್ದಾರ್ ಒಬ್ರು ಅವಳ ಕನ್ನಡಾನ ಇಂಗ್ಲಿಷ್ ಮಾಡಿ ಹೇಳ್ತಿದ್ರಂತೆ, ಆ ಲಾರಿ ಹುಡುಗ ಅಟೆನ್ಷನಲ್ಲಿ ನಿಂತಿದ್ನಂತೆ. ಇವಳದ್ದು ಮುಗಿದ್ಮೇಲೆ ಆಫೀಸರ್ ಅವನ ಕಡೆ ತಿರುಗಿ, ಈ ಸಾಕ್ಷಿಗೆ ನೀನು ಏನಾದ್ರೂ ಪ್ರಶ್ನೆ ಕೇಳ್ಬೇಕಾ ಅಂದ್ರಂತೆ. ಲಾಯರ್ ಇಲ್ಲ, ಯಾರೂ ಇಲ್ಲ, ಅವನೇ ಕೇಳ್ಬೇಕು. ಅವನು ಸ್ವಲ್ಪ ಹೊತ್ತು ಸುಮ್ನಿದ್ದು "ನಹೀ ಸಾಬ್" ಅಂದನಂತೆ. ಅದನ್ನೂ ಬರೆದ್ರು. ಎಲ್ಲ ಓದಿ ಹೇಳಿ ಇವಳ ಸೈನ್ ತಗೊಂಡ್ರು. ಅವನ ಸರದಿ ಬಂದಾಗ, ಹೇಳಿಕೆ ಕೊಡ್ಲೇಬೇಕು ಅಂತಿಲ್ಲ, ಕೊಟ್ರೆ ಅದನ್ನ ಬರ್ಕೊಂಡು ಸಾಕ್ಷ್ಯವಾಗಿ ಬಳಸಬಹುದು ಅಂತ ಎಚ್ಚರಿಕೆ ಹೇಳ್ಬೇಕಂತೆ, ಇದು ಮಾಮ ಹೇಳಿದ್ದು, ಅಷ್ಟರಲ್ಲಿ ಇವಳನ್ನ ಹೊರಗೆ ಕಳ್ಸಿದ್ರು.

ನಿಜ ಹೇಳ್ತೀನಿ, ಟ್ರಾಫಿಕ್ ಸ್ಟೇಷನಲ್ಲಿ ಅವಳ ಹೇಳಿಕೆ ಹತ್ತು ನಿಮಿಷದಲ್ಲಿ ಮುಗಿದಿತ್ತು, ಇಲ್ಲಿ ಒಂದೊಂದು ಮಾತನ್ನೂ ಕೇಳಿ ಬರ್ಕೊಂಡಿದಾರೆ. ಮುಚ್ಚಾಕ್ತಾರೆ ಅಂತ ಕೂಗಾಡಿದ್ದು ನೆನೆಸ್ಕೊಂಡು ನಾಚಿಕೆ ಆಯ್ತು. ಆದ್ರೆ ಅರ್ಧ ನಾಚಿಕೆ ಅಷ್ಟೆ. ಯಾಕಂದ್ರೆ ಅದಾದ್ಮೇಲೆ ಒಂದು ಸುದ್ದಿನೂ ಇಲ್ಲ. ಕೋರ್ಟ್ ಮಾರ್ಷಲ್ ಆಯ್ತಾ, ಆ ಹುಡುಗನಿಗೆ ಏನಾಯ್ತು, ಕೈಬಿಟ್ರಾ, ಏಟು ತಿಂದವಳಿಗೆ ಯಾರೂ ಹೇಳಿಲ್ಲ. ಒಳಗೆ ಕಾಗದ ಎಷ್ಟೇ ನೀಟಾಗಿದ್ರೂ ಗೋಡೆಗೆ ಈ ಕಡೆ ಒಂದು ಕಿಟಕಿ ಇಲ್ಲ. ಇನ್ನೊಂದು ಮಾತು, ಆ ಹುಡುಗ "ನಹೀ ಸಾಬ್" ಅಂದಿದ್ದು ನಿಜವಾಗ್ಲೂ ಪ್ರಶ್ನೆ ಇಲ್ಲದೇನಾ, ಇಲ್ಲಾ ತನ್ನ ಸಾಹೇಬ್ರ ಮುಂದೆ ಬಾಯಿ ಬರದೇನಾ? ಅವತ್ತು ಅವನಿಗೆ ಡ್ಯೂಟಿ ಎಷ್ಟು ಗಂಟೆಗೆ ಶುರುವಾಗಿತ್ತು, ನಿದ್ದೆ ಆಗಿತ್ತಾ, ಇವೆಲ್ಲ ಅವನೇ ಎತ್ತಬೇಕಿದ್ದ ಪ್ರಶ್ನೆಗಳು. ತನಿಖೆ ಮಾಡಿಸೋರು, ನಿರ್ಧಾರ ಮಾಡೋರು, ನಾಳೆ ಬೆಳಗ್ಗೆ ಡ್ಯೂಟಿ ಹಾಕೋರು ಎಲ್ಲ ಒಂದೇ ಸಾಲಲ್ಲಿ ಬಂದ್ರೆ ಏಟು ತಿಂದವರಿಗಷ್ಟೇ ಅಲ್ಲ, ಆರೋಪಿಗೂ ಕಷ್ಟಾನೇ.

ಇದು ನಮ್ಮ ದೇಶದ್ದಷ್ಟೇ ತಲೆನೋವಲ್ಲ. ಕೆನಡಾದವ್ರ ಸೈನಿಕರು 1993ರಲ್ಲಿ ಸೊಮಾಲಿಯಾದಲ್ಲಿ ಒಬ್ಬ ಹುಡುಗನ್ನ ಹಿಂಸೆ ಕೊಟ್ಟು ಕೊಂದಿದ್ರು, ಆ ಗಲಾಟೆ ಆದ್ಮೇಲೆ 1997ರಲ್ಲಿ ಅವ್ರು ಗಂಭೀರ ಕೇಸುಗಳಿಗೆ ಅಂತಾನೇ ಬೇರೆ ತನಿಖಾ ದಳ ಮಾಡಿ ಅದನ್ನ ಸ್ಥಳೀಯ ಕಮಾಂಡರ್‌ಗಳ ಕೈಯಿಂದ ಹೊರಗಿಟ್ರು, 1999ರಲ್ಲಿ ಮಿಲಿಟರಿ ಪೊಲೀಸರ ಮೇಲೇ ದೂರು ಕೊಡೋಕೆ ಸಿವಿಲಿಯನ್ ಕಮಿಷನ್ ಬಂತು. ಅಲ್ಲೂ ಒಂದು ಸಂದು ಉಳಿದಿದೆ, ಒಂದು ನಿರ್ದಿಷ್ಟ ಕೇಸಿನ ಬಗ್ಗೆ ಸೇನೆಯ ಉಪ ಮುಖ್ಯಸ್ಥರು ಪ್ರೊವೋಸ್ಟ್ ಮಾರ್ಷಲ್‌ಗೆ ಸೂಚನೆ ಕೊಡಬಹುದು, ಆದ್ರೆ ಬರವಣಿಗೆಯಲ್ಲೇ ಕೊಡ್ಬೇಕು, ಸಾಮಾನ್ಯವಾಗಿ ಅದು ಜನರಿಗೆ ಕಾಣ್ಬೇಕು. ಬ್ರಿಟನ್ನಿನವ್ರು 2022ರ ಡಿಸೆಂಬರಲ್ಲಿ ಮೂರೂ ಪಡೆಗಳಿಗೆ ಸೇರಿಸಿ ಗಂಭೀರ ಅಪರಾಧಕ್ಕೆ ಒಂದೇ ಯೂನಿಟ್ ಮಾಡಿದ್ರು. ಅಮೆರಿಕದಲ್ಲಿ 2020ರಲ್ಲಿ ಫೋರ್ಟ್ ಹುಡ್ ಸೇನಾ ನೆಲೆಯ ಸೈನಿಕೆಯೊಬ್ಬಳ ಕೊಲೆ ಪ್ರಕರಣ ಆದ್ಮೇಲೆ ಅವ್ರ ಸೇನೆಯ ಅಪರಾಧ ತನಿಖಾ ವಿಭಾಗ ಸಿಐಡಿಗೆ ಯೂನಿಫಾರ್ಮ್ ಹಾಕದ ಸಿವಿಲಿಯನ್ ಡೈರೆಕ್ಟರ್ ಬಂದ್ರು. ಎಲ್ಲಾ ಕಡೆ ಎಳೆದಾಡಿರೋದು ಒಂದೇ ವಿಷಯಕ್ಕೆ, ತನಿಖೆ ಮಾಡೋನು ಯಾರಿಗೆ ಸೆಲ್ಯೂಟ್ ಹೊಡೀಬೇಕು ಅಂತ.

ಕೆನಡಾದವ್ರ ಆ ಬರವಣಿಗೆ ವಿಷಯ ಹೇಳಿ "ನಮ್ಮಲ್ಲೂ ಹಂಗೆ ಇದ್ರೆ ಚೆನ್ನಾಗಿರುತ್ತಲ್ವಾ ಮಾಮ" ಅಂದೆ. ಮಾಮ ಕಾಫಿ ಲೋಟ ಎತ್ಕೊಂಡು ಅಡುಗೆಮನೆಗೆ ಹೋದ್ರು.

ದುಡ್ಡಿನ ವಿಷಯ ಪಕ್ಕಕ್ಕೆ ಬೇರೆ ನಡೀತಿದೆ. ಸರ್ಕಾರಿ ಗಾಡಿಗೆ ಇನ್ಶೂರೆನ್ಸ್ ಕಡ್ಡಾಯ ಅಲ್ಲ, ಮೋಟಾರ್ ವೆಹಿಕಲ್ಸ್ ಆಕ್ಟ್ 146ರಲ್ಲೇ ವಿನಾಯಿತಿ ಇದೆ, ಹಾಗಾಗಿ ನಾವು ಎಂಎಸಿಟಿಲಿ (ಅಪಘಾತ ಪರಿಹಾರದ ಟ್ರಿಬ್ಯುನಲ್) ಕೇಸ್ ಹಾಕಿರೋದು ಡ್ರೈವರ್ ಮತ್ತು ಯೂನಿಯನ್ ಆಫ್ ಇಂಡಿಯಾ ಮೇಲೆ. ಅಮ್ಮನಿಗೆ ಇದು ಕೇಳಿ ಗಾಬರಿ, "ಭಾರತ ಸರ್ಕಾರದ ಮೇಲೆ ಕೇಸಾ? ಬೇಡ್ವೋ". ಸಮಾಧಾನ ಏನಂದ್ರೆ ಒಳಗೆ ಕೋರ್ಟ್ ಮಾರ್ಷಲ್ ಏನೇ ಆಗ್ಲಿ, ಆಗ್ದೇ ಇರ್ಲಿ, ಟ್ರಿಬ್ಯುನಲ್ ಅದಕ್ಕೆ ಕಾಯಲ್ಲ, ಅವ್ರ ಮುಂದಿರೋ ಸಾಕ್ಷ್ಯ ನೋಡಿ ಅವ್ರೇ ಹೇಳ್ತಾರೆ. ಎಫ್‌ಐಆರ್, ಮಹಜರು, ಐಎಂವಿ (ಮೋಟಾರ್ ವಾಹನ ಇನ್‌ಸ್ಪೆಕ್ಟರ್) ರಿಪೋರ್ಟು, ವೂಂಡ್ ಸರ್ಟಿಫಿಕೇಟು ಎಲ್ಲ ಲಾಯರ್ ಹತ್ರ ಇದೆ. ಆ ಕೆಂಪು ಟೋಪಿಯವ್ರು ಅಳೆದ ಸ್ಕೆಚ್ ಒಂದು ಇಲ್ಲ.

ನಿನ್ನೆ ರಾತ್ರಿ ಹತ್ತೂವರೆಗೆ ಮಾಮ ಫೋನ್ ಮಾಡಿದ್ರು, ನಿದ್ದೆ ಬರ್ತಿಲ್ಲ ಅಂತ. "ಲಾಯರಿಗೆ ಹೇಳು, ಸ್ಕೆಚ್ ಜೊತೆಗೆ ಆ ಲಾರಿದು ಕಾರ್ ಡೈರಿನೂ ಕೋರ್ಟ್ ಮೂಲಕ ತರಿಸ್ಲಿ. ಗಾಡಿ ಎಷ್ಟ್ ಗಂಟೆಗೆ ಹೊರಟಿತ್ತು, ಎಲ್ಲಿಗೆ, ಯಾರ ಸೈನ್ ಮೇಲೆ, ಎಲ್ಲ ಅದ್ರಲ್ಲೇ ಇರುತ್ತೆ. ಆ ಹುಡುಗ ಬೆಳಗ್ಗೆಯಿಂದ ಎಷ್ಟ್ ಟ್ರಿಪ್ ಹೊಡ್ದಿದ್ದ ಅಂತಾನೂ ಗೊತ್ತಾಗುತ್ತೆ." ಬರ್ಕೊಂಡಿದೀನಿ. ಮುಂದಿನ ಡೇಟ್ 18ನೇ ತಾರೀಖು.