ಎಂಜಿಬಿಯ ಮೂತಿ ತಗ್ಗಿಸುವುದು: ಅರ್ಧ ಸುತ್ತಿನ ಲೆಕ್ಕ

ಸ್ಪ್ರಿಂಗ್ ಕತ್ತರಿಸಿ ಹಳೇ ಕಾರು ತಗ್ಗಿಸುವವರು ಹೆಚ್ಚಾಗಿ ಎಡವುವುದು ಒಂದೇ ಕಡೆ: ಜಾಸ್ತಿ ಕತ್ತರಿಸಿಬಿಡುತ್ತಾರೆ. ಬೆಂಚಿನ ಮೇಲೆ ಮಲಗಿಸಿದ ಸ್ಪ್ರಿಂಗ್ ನೋಡಿದರೆ ಒಂದು ಸುತ್ತು ಏನು ಮಹಾ ಅನ್ನಿಸುತ್ತದೆ. ಎಂಜಿಬಿ ಅನ್ನುವ ಹಳೇ ಬ್ರಿಟಿಷ್ ಕಾರಿನಲ್ಲಿ ಅದೇ ಒಂದು ಸುತ್ತು ಚಕ್ರದ ಹತ್ತಿರ ಒಂದೂವರೆ ಇಂಚಾಗುತ್ತದೆ. ಕತ್ತರಿಸಿದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಹಾಗಾಗಿ ಗ್ರೈಂಡರ್ ಕೈಗೆತ್ತಿಕೊಳ್ಳುವ ಮೊದಲು ಪೆನ್ಸಿಲು.

ಇಲ್ಲಿ ಹೇಳುತ್ತಿರುವುದು ಕ್ರೋಮ್ ಬಂಪರಿನ ಎಂಜಿಬಿ ರೋಡ್‌ಸ್ಟರ್ (ಗಟ್ಟಿ ಮಾಡಿಲ್ಲದ ಮಾದರಿ) ಬಗ್ಗೆ. ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ಎಂಜಿಬಿ ತಯಾರಾಯಿತು, ಕ್ರೋಮ್ ಬಂಪರ್ ಇದ್ದದ್ದು 1974ರವರೆಗೆ. ಮುಂದೆ ಪ್ರತಿ ಚಕ್ರಕ್ಕೂ ಒಂದು ಕಾಯಿಲ್ ಸ್ಪ್ರಿಂಗ್. ಅದರ ಬುಡ ಲೋವರ್ ಆರ್ಮಿನ (ಚಕ್ರವನ್ನು ಹಿಡಿದಿರುವ ಕೆಳಗಿನ ತೋಳು) ತಟ್ಟೆಯ ಮೇಲೆ ಕೂರುತ್ತದೆ, ತಲೆ ಕ್ರಾಸ್‌ಮೆಂಬರಿಗೆ (ಕಾರಿನಡಿಯ ಅಡ್ಡ ತೊಲೆ) ತಾಗುತ್ತದೆ. ಮೇಲಿನ ಆರ್ಮ್ ಬೇರೆ ಇಲ್ಲ, ಲಿವರ್ ಮಾದರಿಯ ಡ್ಯಾಂಪರಿನ (ಶಾಕ್ ಅಬ್ಸಾರ್ಬರ್) ಕೈಗಳೇ ಆ ಕೆಲಸ ಮಾಡುತ್ತವೆ.

ಮೂಲ ಸ್ಪ್ರಿಂಗಿನ ಜಾತಕ ಹೀಗಿದೆ. ತಂತಿಯ ದಪ್ಪ 12.65 ಮಿ.ಮೀ., ಸುರುಳಿಯ ಸರಾಸರಿ ವ್ಯಾಸ 82 ಮಿ.ಮೀ., ಕೆಲಸ ಮಾಡುವ ಸುತ್ತು ಏಳೂವರೆ, ಭಾರವಿಲ್ಲದಾಗ ಉದ್ದ 9.9 ಇಂಚು, ಅಂದರೆ 251 ಮಿ.ಮೀ. ಒಂದು ಇಂಚು ಅದುಮಲು 348 ಪೌಂಡ್ ಬೇಕು. ಸ್ಪ್ರಿಂಗ್ ಕಾರಿನಡಿ ಕೂತಾಗ ಅದರ ಮೇಲೆ ಸುಮಾರು 1030 ಪೌಂಡ್ ಭಾರ ಬಿದ್ದು ಉದ್ದ 7 ಇಂಚಿಗೆ ಇಳಿಯುತ್ತದೆ. ಗಟ್ಟಿ ಮಾಡಿರುವ ಜಿಟಿ ಮಾದರಿಯದು ಬೇರೆಯೇ: ಉದ್ದ 9.1 ಇಂಚು, ಬಿಗಿ 480 ಪೌಂಡ್, ತಂತಿ 13.7 ಮಿ.ಮೀ. ಇಷ್ಟು ವರ್ಷಗಳಲ್ಲಿ ಯಾರೋ ಜಿಟಿಯ ಸ್ಪ್ರಿಂಗ್ ರೋಡ್‌ಸ್ಟರಿಗೆ ಏರಿಸಿರಬಹುದು. ಆದ್ದರಿಂದ ಮೊದಲು ತಂತಿಗೆ ವರ್ನಿಯರ್ ಹಿಡಿಯಿರಿ. ಮೇಲೆ ಪೇಂಟ್ ದಪ್ಪವಾಗಿದ್ದರೆ ಕೆರೆದು ಹಿಡಿಯಿರಿ, ಎರಡರ ನಡುವಿನ ವ್ಯತ್ಯಾಸ ಒಂದೇ ಮಿ.ಮೀ.

ಈಗ ಲೆಕ್ಕ. 251ರಲ್ಲಿ ಎರಡು ತುದಿಗಳ ತಂತಿಯ ದಪ್ಪ, ಅಂದಾಜು 25 ಮಿ.ಮೀ., ಕಳೆದು ಏಳೂವರೆಯಿಂದ ಭಾಗಿಸಿದರೆ ಸುತ್ತಿಗೆ 30 ಮಿ.ಮೀ. ಬರುತ್ತದೆ. ಬಹಳ ಜನ ಈ 30 ಹಿಡಿದುಕೊಂಡೇ ಲೆಕ್ಕ ಹಾಕುತ್ತಾರೆ. ಅದು ತಪ್ಪು. ಒಂದೇ ಭಾರ ಎಲ್ಲ ಸುತ್ತುಗಳ ಮೂಲಕವೂ ಹಾಯುವುದರಿಂದ ಪ್ರತಿ ಸುತ್ತೂ ಸಮನಾಗಿ ಅದುಮಿಕೊಂಡಿರುತ್ತದೆ. ಒಂದು ಸುತ್ತು ತೆಗೆದರೆ ಹೋಗುವುದು ಅದುಮಿಕೊಂಡ ಸುತ್ತಿನ ಎತ್ತರ ಮಾತ್ರ. ಕೂತ ಉದ್ದ 178, ಅದರಲ್ಲಿ 25 ಕಳೆದರೆ 153, ಏಳೂವರೆಯಿಂದ ಭಾಗಿಸಿದರೆ ಸುಮಾರು 20 ಮಿ.ಮೀ.

ಇದು ಸ್ಪ್ರಿಂಗಿನ ಜಾಗದಲ್ಲಿ. ಎಂಜಿಬಿಯಲ್ಲಿ ಸ್ಪ್ರಿಂಗ್ ಲೋವರ್ ಆರ್ಮಿನ ಹೆಚ್ಚುಕಡಿಮೆ ನಡುವೆ ಕೂರುತ್ತದೆ. ಹಾಗಾಗಿ ಅಲ್ಲಿ ಇಳಿದದ್ದು ಚಕ್ರದಲ್ಲಿ ಎರಡರಷ್ಟಾಗಿ ಕಾಣುತ್ತದೆ. ಅರ್ಧ ಸುತ್ತು ಕತ್ತರಿಸಿದರೆ 20 ಮಿ.ಮೀ., ಒಂದು ಸುತ್ತಿಗೆ 40. ಬೀದಿಯಲ್ಲಿ ಓಡುವ ಕಾರಿಗೆ ಅರ್ಧ ಸುತ್ತು ಸಾಕು. ಇಪ್ಪತ್ತು ಮಿ.ಮೀ. ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ.

ಬೇರೆ ಕಾರಿಗೂ ದಾರಿ ಇದೇ. ಕಾರು ನೆಲದ ಮೇಲೆ ನಿಂತಿರುವಾಗ ಸ್ಪ್ರಿಂಗಿನ ಉದ್ದ ಅಳೆಯಿರಿ. ಆಮೇಲೆ ಆರ್ಮಿನ ಒಳಗಿನ ಕೀಲಿನಿಂದ ಸ್ಪ್ರಿಂಗಿನ ನಡುವಿಗೆ ಎಷ್ಟು, ಹೊರಗಿನ ಕೀಲಿಗೆ ಎಷ್ಟು ಅಂತ ಅಳೆದು ಅನುಪಾತ ಹಿಡಿಯಿರಿ. ಪದ್ಮಿನಿಯ ಮುಂದೆಯೂ ಕಾಯಿಲ್ ಸ್ಪ್ರಿಂಗೇ, ಆದರೆ ಅದರ ಅಂಕಿ ಅದರಿಂದಲೇ ಅಳೆದುಕೊಳ್ಳಬೇಕು. ಅಂಬಾಸಡರ್‌ನವರಿಗೆ ಈ ತಾಪತ್ರಯವಿಲ್ಲ, ಅಲ್ಲಿರುವುದು ಟಾರ್ಷನ್ ಬಾರ್ (ತಿರುಚಿಕೊಂಡು ಭಾರ ಹೊರುವ ನೇರ ಸರಳು), ಕತ್ತರಿಸಲು ಸುತ್ತೇ ಇಲ್ಲ.

ಸುತ್ತು ಕಡಿಮೆಯಾದಂತೆ ಸ್ಪ್ರಿಂಗ್ ಗಡುಸಾಗುತ್ತದೆ, ಅದೂ ಸುತ್ತಿನ ಅನುಪಾತದಲ್ಲೇ. ಅರ್ಧ ಸುತ್ತು ಹೋದರೆ 348 ಇದ್ದದ್ದು 373 ಆಗುತ್ತದೆ, ಒಂದು ಸುತ್ತು ಹೋದರೆ 402. ಏಳು ಪರ್ಸೆಂಟ್ ಬಿಗಿ ಹೆಚ್ಚಿದ್ದು ಸೀಟಿನಲ್ಲಿ ಕೂತವರಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಆದರೆ ತಗ್ಗಿಸಿದ್ದರಿಂದ ತಿರುವಿನಲ್ಲಿ ಕಾರು ವಾಲುವುದು ನಿಲ್ಲುತ್ತದೆ ಅನ್ನುವ ನಂಬಿಕೆ ಬೇಡ. ಲೋವರ್ ಆರ್ಮ್ ಹೊರತುದಿ ಮೇಲಾಗಿ ನಿಂತಂತೆ ರೋಲ್ ಸೆಂಟರ್, ಅಂದರೆ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು, ಕಾರಿನ ತೂಕದ ಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ವಾಲಿಸುವ ಬಲ ಆಗ ಹೆಚ್ಚೇ ಆಗುತ್ತದೆ.

ಕತ್ತರಿಸಬೇಕೋ ಬೇಡವೋ ಅನ್ನುವುದನ್ನು ತೀರ್ಮಾನಿಸುವುದು ಸ್ಪ್ರಿಂಗಿನ ತುದಿ. ಎರಡು ತುದಿಯನ್ನೂ ಮಡಚಿ ಚಪ್ಪಟೆಯಾಗಿ ಉಜ್ಜಿದ್ದರೆ ಕತ್ತರಿಸಬೇಡಿ. ಆ ಚಪ್ಪಟೆ ಹೋದರೆ ತಂತಿಯ ಮೂತಿ ಮಾತ್ರ ತಟ್ಟೆಗೆ ತಾಗಿ, ಭಾರವೆಲ್ಲ ಒಂದೇ ಬಿಂದುವಿನ ಮೇಲೆ ಬೀಳುತ್ತದೆ. ಸ್ಪ್ರಿಂಗ್ ಬಿಲ್ಲಿನಂತೆ ಬಾಗಿ ಒಂದು ಕಡೆ ಉಜ್ಜಲು ಶುರುಮಾಡುತ್ತದೆ. ಅಂಥದ್ದಕ್ಕೆ ಅದೇ ಬಿಗಿಯ, 10 ಮಿ.ಮೀ. ಗಿಡ್ಡ ಸ್ಪ್ರಿಂಗ್ ಕೊಳ್ಳುವುದೇ ಸರಿ. ತುದಿ ಹಾಗೇ ಬಿಚ್ಚಿಕೊಂಡಿದ್ದರೆ ಮಾತ್ರ ಮುಂದಿನ ಮಾತು.

ಬಿಚ್ಚುವುದು ಹೀಗೆ. ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿಗೆ ಎಷ್ಟಿದೆ ಅಂತ ಎರಡೂ ಕಡೆ ಮೊದಲು ಬರೆದಿಡಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಲೆಕ್ಕ ಕೆಡಿಸುತ್ತದೆ. ಕ್ರಾಸ್‌ಮೆಂಬರಿನ ನಡುವೆ ಜಾಕಿ ಕೊಟ್ಟು ಎತ್ತಿ, ಅದರ ಹಿಂದೆ ಷಾಸಿ ರೈಲಿನ ಕೆಳಗೆ ಸ್ಟ್ಯಾಂಡ್ ಇಟ್ಟು ಚಕ್ರ ತೆಗೆಯಿರಿ. ಆ್ಯಂಟಿ ರೋಲ್ ಬಾರ್ (ವಾಲುವುದನ್ನು ತಡೆಯುವ ಅಡ್ಡ ಸರಳು) ಇದ್ದರೆ ಅದರ ಲಿಂಕ್ ಕಳಚಿ. ಟ್ರಾಲಿ ಜಾಕಿಯನ್ನು ಸ್ಪ್ರಿಂಗಿನ ತಟ್ಟೆಗೆ ಕೊಟ್ಟು ಭಾರ ಹಿಡಿಸಿ, ಡ್ಯಾಂಪರಿನ ಕೈ ತನ್ನ ತಡೆಯಿಂದ ಸ್ವಲ್ಪ ಏಳುವಷ್ಟು. ಸುರುಳಿಯ ಒಳಗಿಂದ ಒಂದು ಸರಪಳಿ ಹಾಯಿಸಿ ಕ್ರಾಸ್‌ಮೆಂಬರಿಗೆ ಕಟ್ಟಿ. ಕೂತ ಸ್ಪ್ರಿಂಗಿನಲ್ಲಿ ಹೆಚ್ಚುಕಡಿಮೆ 470 ಕೆ.ಜಿ. ಒತ್ತಡವಿರುತ್ತದೆ. ಸಿಡಿದರೆ ಕೈಕಾಲು ನೋಡುವುದಿಲ್ಲ.

ಆಮೇಲೆ ಕಿಂಗ್‌ಪಿನ್ನಿನ (ಚಕ್ರ ಎಡಬಲ ತಿರುಗುವ ಗೂಟ) ತಲೆಯನ್ನು ಡ್ಯಾಂಪರಿನ ಕೈಗಳಿಗೆ ಸೇರಿಸುವ ಬೋಲ್ಟ್. ಸ್ಪ್ಲಿಟ್ ಪಿನ್ ತೆಗೆದು ನಟ್ಟು ಬಿಚ್ಚಿ ಬೋಲ್ಟನ್ನು ಹೊರತೆಗೆಯಿರಿ. ಕೈಗಳು ಬಿಗಿಯಾಗಿ ಹಿಡಿದುಕೊಂಡಿದ್ದರೆ ಒಂದು ಕೈಯ ಕ್ಲ್ಯಾಂಪ್ ಬೋಲ್ಟ್ ಸಡಿಲಿಸಬೇಕು. ಹಬ್ ಹೊರಗೆ ವಾಲುತ್ತದೆ. ಅದನ್ನು ತಂತಿಯಿಂದ ತೂಗುಹಾಕಿ, ಬ್ರೇಕ್ ಹೋಸಿನ ಮೇಲೆ ಜೋತಾಡಲು ಬಿಡಬೇಡಿ. ಈಗ ಜಾಕಿಯನ್ನು ನಿಧಾನಕ್ಕೆ ಇಳಿಸಿ. ತಟ್ಟೆ ನೇರ ಕೆಳಗೆ ಬರುವುದಿಲ್ಲ, ಕಮಾನಿನಲ್ಲಿ ಸರಿಯುತ್ತದೆ. ಆದ್ದರಿಂದ ಜಾಕಿಯ ಗಾಲಿ ಉರುಳಲು ಜಾಗವಿರಲಿ. ಗಾಲಿಗೆ ಕಲ್ಲು ಒಡ್ಡಿದರೆ ತಟ್ಟೆ ಜಾರಿಬಿಡುತ್ತದೆ.

ಅರ್ಧ ಸುತ್ತು ಅಂದರೆ ಹೊರಮೈ ಗುಂಟ ದಾರ ಹಿಡಿದರೆ 150 ಮಿ.ಮೀ. ತುದಿಯಿಂದ ಅಳೆದು ಬಿಳಿ ಪೇಂಟಿನ ಗುರುತು ಹಾಕಿ. ಎರಡೂ ಸ್ಪ್ರಿಂಗನ್ನು ಪಕ್ಕಪಕ್ಕ ನಿಲ್ಲಿಸಿ ಗುರುತು ಒಂದೇ ಜಾಗದಲ್ಲಿದೆಯೇ ನೋಡಿ. ಒಂದು ಮಿ.ಮೀ. ದಪ್ಪದ ಕಟಿಂಗ್ ವೀಲ್ ಸಾಕು. ಪಕ್ಕದ ಸುತ್ತಿಗೆ ಒದ್ದೆ ಬಟ್ಟೆ ಸುತ್ತಿ, ಎರಡು ಸೆಕೆಂಡ್ ಒತ್ತಿ ಬಿಟ್ಟು, ಮತ್ತೆ ಒತ್ತಿ. ಪಕ್ಕದ ಸುತ್ತಿಗೆ ಕಟಿಂಗ್ ವೀಲಿನ ಅಂಚು ತಾಗಿ ಗೀರು ಬಿದ್ದರೆ ಆ ಸ್ಪ್ರಿಂಗ್ ಗುಜರಿಗೆ, ಮುಂದೆ ಅದು ಮುರಿಯುವುದು ಆ ಗೀರಿನಲ್ಲೇ. ಕತ್ತರಿಸಿದ ತುದಿಯ ಚೂಪು ಉಜ್ಜಿ ಪೇಂಟ್ ಹಚ್ಚಿ.

ಗ್ಯಾಸ್ ಕಟರ್ ಮಾತ್ರ ಬೇಡ. ನಮ್ಮ ಕಡೆ ಗ್ಯಾರೇಜುಗಳಲ್ಲಿ ಇನ್ನೊಂದು ಚಾಳಿ ಇದೆ: ಸ್ಪ್ರಿಂಗನ್ನು ಕಾರಿನಲ್ಲೇ ಬಿಟ್ಟು, ಬೆಂಕಿ ಹಿಡಿದು, ತಾನಾಗಿ ಕೂರುವಂತೆ ಮಾಡುವುದು. ಹತ್ತು ನಿಮಿಷದ ಕೆಲಸ ನಿಜ. ಆದರೆ ಕಾದ ಸುತ್ತಿನ ಉಕ್ಕು ಹದ ಕಳೆದುಕೊಂಡಿರುತ್ತದೆ. ಆ ಸುತ್ತು ದಿನದಿಂದ ದಿನಕ್ಕೆ ಇನ್ನಷ್ಟು ಕೂರುತ್ತಾ ಹೋಗುತ್ತದೆ, ಎಡ ಒಂದು ತರಹ, ಬಲ ಇನ್ನೊಂದು ತರಹ. ಸುತ್ತುಗಳಿಗೆ ಕ್ಲ್ಯಾಂಪ್ ಬಿಗಿಯುವುದೂ ಅಷ್ಟೇ, ಉಳಿದ ಸುತ್ತುಗಳ ಮೇಲೆ ಹೊರೆ ಹೇರಿದಂತೆ.

ಜೋಡಿಸುವಾಗ ಸ್ಪ್ಲಿಟ್ ಪಿನ್ ಹೊಸದೇ ಹಾಕಿ. ಲೋವರ್ ಆರ್ಮಿನ ಒಳಬದಿಯ ರಬ್ಬರ್ ಬುಷ್ ಬೋಲ್ಟುಗಳನ್ನು ಸಡಿಲಿಸಿಟ್ಟು, ಕಾರನ್ನು ನೆಲಕ್ಕಿಳಿಸಿ ಹತ್ತಾರು ಅಡಿ ಹಿಂದೆ ಮುಂದೆ ತಳ್ಳಿ, ಮೂತಿ ಅದುಮಿ ಬಿಟ್ಟು, ಭಾರ ಚಕ್ರದ ಮೇಲಿರುವಾಗಲೇ ಬಿಗಿಮಾಡಿ. ಜಾಕಿಯ ಮೇಲೆಯೇ ಬಿಗಿದರೆ ರಬ್ಬರು ತಿರುಚಿಕೊಂಡೇ ಉಳಿದು ಮೂತಿಯನ್ನು ಎತ್ತಿಹಿಡಿಯುತ್ತದೆ. ಇನ್ನೂ ಇಳಿದಿಲ್ಲ ಅಂತ ಮತ್ತೆ ಕತ್ತರಿಸುವವರು ಇಲ್ಲೇ ಮೋಸಹೋಗುವುದು. ಕೆಲವು ತಿಂಗಳಿಗೆ ಬುಷ್ ಹರಿದು, ಕಾರು ಬೇಕಾದ್ದಕ್ಕಿಂತ ಕೆಳಗೆ ಕೂತಿರುತ್ತದೆ.

ಒಂದಷ್ಟು ದೂರ ಓಡಿಸಿದ ಮೇಲೆ ಅಲೈನ್‌ಮೆಂಟ್. ಮೂಲ ಲೆಕ್ಕ: ಕ್ಯಾಸ್ಟರ್ (ಕಿಂಗ್‌ಪಿನ್ ಹಿಂದಕ್ಕೆ ವಾಲಿದ ಕೋನ) 7 ಡಿಗ್ರಿ, ಕ್ಯಾಂಬರ್ (ಚಕ್ರದ ತಲೆ ಹೊರಗೆ ವಾಲಿದರೆ ಪಾಸಿಟಿವ್, ಒಳಗೆ ವಾಲಿದರೆ ನೆಗೆಟಿವ್) ಪಾಸಿಟಿವ್ 1 ಡಿಗ್ರಿ, ಟೋ ಇನ್ (ಚಕ್ರಗಳ ಮುಂಭಾಗ ಒಳಗೆ ತಿರುಗಿರುವುದು) 1.6ರಿಂದ 2.4 ಮಿ.ಮೀ. ತಗ್ಗಿದ ಮೇಲೆ ಕ್ಯಾಂಬರ್ ನೆಗೆಟಿವ್ ಕಡೆ ಸರಿಯುತ್ತದೆ, ಅದನ್ನು ತಿರುಗಿಸಲು ಸ್ಕ್ರೂ ಇಲ್ಲ. ಕೈಗೆ ಸಿಗುವುದು ಟೋ ಒಂದೇ. ಹೆಡ್‌ಲೈಟನ್ನೂ ಸರಿಮಾಡಿಸಿ, ಬೆಳಕು ಹತ್ತಿರಕ್ಕೆ ಬಿದ್ದಿರುತ್ತದೆ.

1974ರ ಕೊನೆಯಿಂದ ಬಂದ ರಬ್ಬರ್ ಬಂಪರಿನ ಕಾರಿನವರು ಒಂದು ಸುತ್ತು ಕತ್ತರಿಸುವ ಆಸೆಗೆ ಬೀಳುತ್ತಾರೆ. ಆ ಕಾರು ಹಳೆಯದಕ್ಕಿಂತ ಒಂದೂವರೆ ಇಂಚು ಎತ್ತರ, ಒಂದು ಸುತ್ತು ತೆಗೆದರೆ ಇಳಿಯುವುದೂ ಅಷ್ಟೇ. ಆದರೆ ಮುಂದೆ ಎತ್ತರ ಬಂದದ್ದು ಕ್ರಾಸ್‌ಮೆಂಬರ್ ಬದಲಾದದ್ದರಿಂದ. ಸ್ಪ್ರಿಂಗ್ ಕಿರಿದಾದರೆ ಕಾರಿನ ಎತ್ತರ ಹಳೆಯದಾಗುತ್ತದೆ, ಆರ್ಮುಗಳ ಕೋನ ಮಾತ್ರ ಕೆಟ್ಟಿರುತ್ತದೆ.

ಇನ್ನು ಹಂಪ್. ಭಾರತೀಯ ರಸ್ತೆ ಕಾಂಗ್ರೆಸ್ 1988ರ ಮಾರ್ಗಸೂಚಿಯಲ್ಲಿ ಹೇಳಿದ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ್ದು. ಎಂಜಿಬಿಯ ಮುಂದಿನ ಹಿಂದಿನ ಗಾಲಿಗಳ ನಡುವೆ 2.31 ಮೀಟರ್. ಅಷ್ಟು ಅಗಲಕ್ಕೆ ಈ ಹಂಪಿನ ಬೆನ್ನು ಎದ್ದಿರುವುದು 4 ಸೆಂ.ಮೀ. ಮಾತ್ರ, ತಗ್ಗಿಸಿದ ಕಾರೂ ದಾಟುತ್ತದೆ. ತೊಂದರೆ ಇರುವುದು ಬಡಾವಣೆಗಳಲ್ಲಿ ಜನರೇ ಸಿಮೆಂಟು ಮೆತ್ತಿ ಎಬ್ಬಿಸಿದ ಗೇಣಗಲದ ದಿಬ್ಬಗಳಲ್ಲಿ. ಎರಡು ಗಾಲಿಗಳ ನಡುವೆ ಅದರ ಪೂರ್ತಿ ಎತ್ತರ ಎಕ್ಸಾಸ್ಟ್ ಪೈಪಿಗೆ ಎದುರಾಗುತ್ತದೆ. ನಿಮ್ಮ ಬೀದಿಯ ದಿಬ್ಬಕ್ಕೆ ಟೇಪ್ ಹಿಡಿದು, ಪೈಪಿನ ಕೆಳಗಿನ ಜಾಗದಿಂದ 20 ಮಿ.ಮೀ. ಕಳೆದು ನೋಡಿಕೊಂಡೇ ಜಾಕಿ ಹೊರತೆಗೆಯಿರಿ.