ವೀರಗಲ್ಲಿನ ಐದು ಫೋಟೊಗಳಲ್ಲಿ ಉಳಿದದ್ದು ಒಂದೇ

ಹೊಳಲ್ಕೆರೆ ಕಡೆಯ ಹಳ್ಳಿಯೊಂದರ ಕೆರೆ ಏರಿಯ ಮೇಲೆ, ಬೇವಿನ ಮರಕ್ಕೆ ಒರಗಿ ನಿಂತ ವೀರಗಲ್ಲಿನ ಐದು ಫೋಟೊಗಳನ್ನು ಮಾವ ಕಳೆದ ಶನಿವಾರ ಏರಿಸಿದ್ದರು. ಪುಟ ತೆರೆದು ನೋಡಿದರೆ ಇದ್ದದ್ದು ಒಂದೇ. ಅದೂ ಕೊನೆಯದು, ಕಲ್ಲಿನ ಬೆನ್ನು.

ಹೊಸದಾಗಿ ಓದುವವರಿಗಾಗಿ ಎರಡು ಮಾತು. ಚಿತ್ರದುರ್ಗದ ಸುತ್ತಲಿನ ಹಳ್ಳಿಗಳ ವೀರಗಲ್ಲು (ಕಾಳಗದಲ್ಲಿ ಮಡಿದವರ ಕಲ್ಲು), ಮಾಸ್ತಿಕಲ್ಲುಗಳನ್ನು (ಸಹಗಮನ ಮಾಡಿದವರ ಕಲ್ಲು) ಒಂದೆಡೆ ದಾಖಲಿಸುವ ಸಣ್ಣ ವೆಬ್ ಆ್ಯಪ್ ಇದು. ಕೋಡ್ ನನ್ನದು, ತಿರುಗಾಟ ಸೋದರಮಾವನದು. ಮೇಷ್ಟರಾಗಿ ನಿವೃತ್ತರಾದ ಮೇಲೆ ಅವರ ಸ್ಕೂಟರ್ ಮನೆಯಲ್ಲಿ ನಿಂತದ್ದೇ ಕಡಿಮೆ. ಏಳು ಸುತ್ತಿನ ಕೋಟೆಗೆ ಕ್ಯಾಮೆರಾ ಹಿಡಿದು ಬರುವವರು ಬೇಕಾದಷ್ಟಿದ್ದಾರೆ, ಏರಿಯ ಮೇಲಿನ ಕಲ್ಲನ್ನು ಕೇಳುವವರಿಲ್ಲ. ರಸ್ತೆ ಅಗಲವಾಗುವಾಗ, ಏರಿ ದುರಸ್ತಿಯಾಗುವಾಗ ಅಂಥ ಕಲ್ಲು ಸದ್ದಿಲ್ಲದೆ ಜಾಗ ಬಿಡುತ್ತದೆ. ಆದ್ದರಿಂದ ಒಂದು ಫೋಟೊ ಕಳೆದರೂ ನನಗೆ ಸಂಕಟವಾಗುತ್ತದೆ.

ಮೊದಲ ತಪ್ಪು ಬೇಗ ಸಿಕ್ಕಿತು. ಫಾರಂನಲ್ಲಿ ಹಲವು ಫೈಲ್ ಆರಿಸಲು ಅವಕಾಶ ಕೊಟ್ಟಿದ್ದೆ, ಆದರೆ ಆ ಖಾನೆಯ ಹೆಸರಿನ ಕೊನೆಗೆ [] ಎಂಬ ಚೌಕಾವರಣ ಹಾಕಿರಲಿಲ್ಲ. ಅದಿಲ್ಲದಿದ್ದರೆ ಬ್ರೌಸರ್ ಐದನ್ನೂ ಕಳಿಸುತ್ತದೆ, ಸರ್ವರ್‌ನಲ್ಲಿ ಅವನ್ನು ಸ್ವೀಕರಿಸುವ ಪಿಎಚ್‌ಪಿ ಮಾತ್ರ ಒಂದರ ಮೇಲೊಂದು ಬರೆಯುತ್ತ ಹೋಗಿ ಕೊನೆಯದನ್ನಷ್ಟೇ ಉಳಿಸಿಕೊಳ್ಳುತ್ತದೆ. ಎರಡು ಅಕ್ಷರ ಸೇರಿಸಿ, ನನ್ನ ಲ್ಯಾಪ್‌ಟಾಪ್‌ನಲ್ಲಿದ್ದ ಹಳೆಯ ಚಿಕ್ಕ ಚಿತ್ರಗಳಿಂದ ಪರೀಕ್ಷಿಸಿದೆ. ಐದೂ ಬಂದವು. ಮಾವನಿಗೆ ಫೋನ್ ಮಾಡಿ ಸರಿಯಾಯಿತೆಂದು ಹೇಳಿದೆ.

ಭಾನುವಾರ ಬೆಳಗ್ಗೆ ಅವರದೇ ಕರೆ ಬಂತು. "ಊರಿನ ಹೆಸರು ಬರೆಯಿರಿ ಎಂದು ಕೇಳುತ್ತಿದೆಯಪ್ಪ. ಬರೆದೇ ಕಳಿಸಿದ್ದೇನೆ. ಮೂರು ಸಲ ಬರೆದೆ."

ಈ ತೊಡಕಿಗೆ ಇಡೀ ಭಾನುವಾರ ಹೋಯಿತು. ಊರಿನ ಹೆಸರಿನ ಪರಿಶೀಲನೆಯ ಕೋಡನ್ನು ಸಾಲು ಸಾಲಾಗಿ ಓದಿದೆ, ಅಲ್ಲಿ ದೋಷವೇ ಇರಲಿಲ್ಲ. ಕೊನೆಗೆ ಸರ್ವರ್‌ನ ಲಾಗ್ ತೆರೆದಾಗ ಕಾರಣ ತಿಳಿಯಿತು. ಪಿಎಚ್‌ಪಿಯಲ್ಲಿ ನಾವಾಗಿ ಬದಲಿಸದಿದ್ದರೆ ಒಂದು ಫೈಲ್‌ಗೆ 2 ಎಂಬಿ, ಇಡೀ ಫಾರಂಗೆ 8 ಎಂಬಿ ಮಿತಿ. ಫೈಲ್ 2 ಎಂಬಿ ದಾಟಿದರೆ ಆ ಒಂದಕ್ಕೆ ದೋಷಸಂಖ್ಯೆ 1 ಬರುತ್ತದೆ. ಒಟ್ಟು ಗಾತ್ರ 8 ಎಂಬಿ ದಾಟಿದರೆ ಫೋಟೊಗಳ ಜೊತೆಗೆ ಬರೆದ ಅಕ್ಷರಗಳೂ ಹೋಗುತ್ತವೆ. ನನ್ನ ಕೋಡ್‌ನ ಕೈಗೆ ಸಿಗುವುದು ಬರಿದಾದ ಫಾರಂ. ಅದಕ್ಕೇ ಅದು ಮಾವನನ್ನು ಊರಿನ ಹೆಸರು ಕೇಳುತ್ತಿತ್ತು. ಶನಿವಾರ ಮಾವ ಏರಿಸಿದ್ದವು ಕುಗ್ಗಿಸಿದ ಪ್ರತಿಗಳು, ಭಾನುವಾರದವು ಅವರ ಫೋನಿನ ಮೂಲ ಫೋಟೊಗಳು, ಒಂದೊಂದೂ ನಾಲ್ಕೈದು ಎಂಬಿ. ನಾನು ಪರೀಕ್ಷಿಸಿದ ಐದೂ ಸೇರಿ ಒಂದು ಎಂಬಿ ಇರಲಿಲ್ಲ. ಬಳಸುವವರ ಕೈಯಲ್ಲಿರುವ ಫೋಟೊಗಳಿಂದಲೇ ಮೊದಲು ಪರೀಕ್ಷಿಸಬೇಕಿತ್ತು.

ಬ್ರೌಸರ್‌ನಲ್ಲೇ ಚಿತ್ರವನ್ನು ಕುಗ್ಗಿಸಿ ಕಳಿಸುವ ದಾರಿಯೂ ಇತ್ತು. ಅದನ್ನು ನಾನು ಒಪ್ಪಲಿಲ್ಲ. ಸವೆದ ಅಕ್ಷರವನ್ನು ಹಿಗ್ಗಿಸಿ ಓದುವವರಿಗೆ ಮೂಲ ಚಿತ್ರವೇ ಬೇಕು. ಮಿತಿಯನ್ನು ಹಿಗ್ಗಿಸುತ್ತ ಹೋಗುವುದಕ್ಕೂ ಕೊನೆಯಿಲ್ಲ. ಒಂದು ಸಲಕ್ಕೆ 20 ಫೈಲ್ ಎಂಬ ಇನ್ನೊಂದು ಮಿತಿಯೂ ಇದೆ. ಅದನ್ನು ದಾಟಿದವು ಲಾಗ್‌ನಲ್ಲಿ ಒಂದು ಎಚ್ಚರಿಕೆ ಬಿಟ್ಟು ಮಾಯವಾಗುತ್ತವೆ, ಕಳಿಸಿದವರಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಫೈಲ್‌ನ ಮಿತಿಯನ್ನು 16 ಎಂಬಿಗೆ, ಫಾರಂನದನ್ನು 20 ಎಂಬಿಗೆ ಏರಿಸಿ, ಒಂದೊಂದು ಫೋಟೊವನ್ನೂ ಪ್ರತ್ಯೇಕವಾಗಿ ಕಳಿಸುವಂತೆ ಬರೆದೆ. ನಡುವೆ ಸಿಗ್ನಲ್ ಹೋದರೆ ತಲುಪದ ಒಂದನ್ನೇ ಮತ್ತೆ ಕಳಿಸಿದರಾಯಿತು. ಪರದೆಯ ಮೇಲೆ "5ರಲ್ಲಿ 3 ತಲುಪಿವೆ" ಎಂಬ ಲೆಕ್ಕ ಬರುತ್ತದೆ. ಲೆಕ್ಕ ಮುಗಿಯುವವರೆಗೆ "ಉಳಿಸಲಾಗಿದೆ" ಎಂಬ ಮಾತನ್ನು ತೋರಿಸುವುದಿಲ್ಲ.

ಬುಧವಾರ ಐದೂ ಬಂದವು, ಆದರೆ ಕ್ರಮ ತಪ್ಪಿ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ತುರುಗಾಳಗದ, ಅಂದರೆ ದನಗಳಿಗಾಗಿ ನಡೆದ ಕಾಳಗದ ಕಲ್ಲಾದರೆ ದನಗಳೂ ಇರುತ್ತವೆ. ನಡುವಿನದರಲ್ಲಿ ಅಪ್ಸರೆಯರು ಸತ್ತ ವೀರನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕುಳಿತಿರುತ್ತಾನೆ. ಮಾವ ಫೋಟೊ ತೆಗೆಯುವುದೂ ಅದೇ ಕ್ರಮದಲ್ಲಿ. ನಾನು ಐದನ್ನೂ ಒಟ್ಟಿಗೆ ಹೊರಡಿಸಿದ್ದರಿಂದ ಚಿಕ್ಕ ಫೈಲ್ ಮೊದಲು ತಲುಪಿ ಮೊದಲ ಜಾಗ ಹಿಡಿದಿತ್ತು. ನಮ್ಮ ಪುಟದಲ್ಲಿ ವೀರ ಮೊದಲು ಕೈಲಾಸ ಸೇರಿ ಆಮೇಲೆ ಕಾದಾಡುತ್ತಿದ್ದ. ಆ ವೀರನಿಗೆ ನನ್ನಿಂದ ಅನ್ಯಾಯವಾಯಿತೆಂದು ನಿಜವಾಗಿಯೂ ನೋವಾಯಿತು. ಈಗ ಆರಿಸಿದ ಕ್ಷಣದಲ್ಲೇ ಪ್ರತಿ ಫೋಟೊಗೂ ಕ್ರಮಸಂಖ್ಯೆ ಬೀಳುತ್ತದೆ, ಯಾವಾಗ ತಲುಪಿದರೂ ತನ್ನ ಜಾಗಕ್ಕೇ ಹೋಗುತ್ತದೆ. ಸರ್ವರ್‌ನಲ್ಲಿ ಫೈಲ್‌ಗೆ ಫೋನ್ ಕೊಟ್ಟ ಹೆಸರನ್ನೂ ಬಿಟ್ಟು ಹೊಸ ಹೆಸರು ಕೊಡುತ್ತಿದ್ದೇನೆ.

ಇನ್ನೊಂದು ಉಳಿದಿತ್ತು. ಪಟ್ಟಿಯ ಪುಟದ ಕಿರುಚಿತ್ರದಲ್ಲಿ (ಥಂಬ್‌ನೇಲ್) ಕಲ್ಲು ಅಡ್ಡ ಮಲಗಿತ್ತು. ಫೋನನ್ನು ನೆಟ್ಟಗೆ ಹಿಡಿದು ತೆಗೆದರೂ ಚಿತ್ರ ಅಡ್ಡವಾಗಿಯೇ ಉಳಿದು, ಹೇಗೆ ತಿರುಗಿಸಿ ತೋರಿಸಬೇಕೆಂಬ ಸೂಚನೆ ಫೈಲ್‌ನ ಎಕ್ಸಿಫ್ ಎಂಬ ವಿವರಗಳ ಭಾಗದಲ್ಲಿರುತ್ತದೆ. ಕಿರುಚಿತ್ರ ಮಾಡುವ ಪಿಎಚ್‌ಪಿಯ ಜಿಡಿ ಲೈಬ್ರರಿ ಅದನ್ನು ನೋಡುವುದಿಲ್ಲ. ಬೇರೆ ಕಡೆ ಇದು ಸಣ್ಣ ವಿಷಯ. ನಮ್ಮ ದಾಖಲೆಯಲ್ಲಿ ನಿಜವಾಗಿಯೂ ಬಿದ್ದಿರುವ ಕಲ್ಲುಗಳಿವೆ, ನಿಂತ ಕಲ್ಲನ್ನು ಬಿದ್ದದ್ದೆಂದು ತೋರಿಸಿದರೆ ಅದು ಸುಳ್ಳು ದಾಖಲೆ. ಸೂಚನೆ ಓದಿ 90 ಡಿಗ್ರಿ ತಿರುಗಿಸಿದೆ, ಕಲ್ಲು ತಲೆಕೆಳಗಾಯಿತು. ಜಿಡಿ ತಿರುಗಿಸುವುದು ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ. ಋಣ 90 ಎಂದು ತಿದ್ದಿದ ಮೇಲೆ ನೆಟ್ಟಗೆ ನಿಂತಿತು.

ನಿನ್ನೆ ಸಂಜೆ ಮಾವ ನಮ್ಮ ಮನೆಗೆ ಬಂದು ಅದೇ ಐದು ಫೋಟೊಗಳನ್ನು ತಾವೇ ಏರಿಸಿದರು. ಲೆಕ್ಕ ಐದಕ್ಕೆ ಬಂದು ನಿಂತಿತು. ಒಂದೊಂದನ್ನೇ ಹಿಗ್ಗಿಸಿ ನೋಡುತ್ತ ಎರಡನೆಯದರಲ್ಲಿ ಬೆರಳು ನಿಲ್ಲಿಸಿದರು. ಕಾಳಗದ ಪಟ್ಟಿಕೆಗೂ ಅಪ್ಸರೆಯರ ಪಟ್ಟಿಕೆಗೂ ನಡುವಿನ ಅಂಚಿನಲ್ಲಿ, ಸುಣ್ಣದ ಪದರದ ಕೆಳಗೆ, ಅಕ್ಷರಗಳ ಸಾಲು. ಮಧ್ಯಾಹ್ನದ ನೇರ ಬಿಸಿಲಿನಲ್ಲಿ ತೆಗೆದದ್ದರಿಂದ ಓದಲು ಬರುವಂತಿಲ್ಲ. ಬೆಳಗಿನ ಓರೆ ಬೆಳಕಿನಲ್ಲಿ ಮತ್ತೆ ತೆಗೆಯಬೇಕು ಎಂದರು.

"ಇದೇ ಕಲ್ಲಿಗೆ ಆರನೆಯ ಫೋಟೊ ಸೇರಿಸಬಹುದೇನಪ್ಪ? ಎರಡನೆಯದರ ನಂತರ ಬರಬೇಕು."

ಕೊನೆಯಲ್ಲಿ ಸೇರಿಸಬಹುದು, ನಡುವೆ ಸೇರಿಸಲು ಈಗ ಬರುವುದಿಲ್ಲ. ಭಾನುವಾರ ಅವರು ಹೊರಡುವುದರೊಳಗೆ ಅದನ್ನು ಬರೆದು ಮುಗಿಸುತ್ತೇನೆ.