ಡಯಾಲಿಸಿಸ್ ಮತ್ತು ಉರಿಮೂತ್ರ: ಕಲ್ಚರ್ ವರದಿ ಹೇಳದ ಸಂಗತಿಗಳು

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮೂತ್ರದಲ್ಲಿ ‘ಪಸ್ ಸೆಲ್ಸ್ 20-25’ (ಪಸ್ ಸೆಲ್ಸ್ ಅಂದರೆ ಬಿಳಿ ರಕ್ತಕಣಗಳು) ಎಂದು ವರದಿ ಬಂದ ಕೂಡಲೇ ಆಂಟಿಬಯೋಟಿಕ್ ಶುರುವಾಗಿಬಿಡುತ್ತದೆ. ಎಷ್ಟೋ ಸಲ ಅದು ಬೇಕೇ ಇರುವುದಿಲ್ಲ. ದಿನಕ್ಕೆ ನೂರಿನ್ನೂರು ಎಂ.ಎಲ್. ಮಾತ್ರ ಮೂತ್ರ ಬರುವವರಲ್ಲಿ ಅದು ಮೂತ್ರಕೋಶದಲ್ಲೇ ತಾಸುಗಟ್ಟಲೆ ನಿಂತಿರುತ್ತದೆ. ಸೋಂಕಿಲ್ಲದಿದ್ದರೂ ಬಿಳಿ ರಕ್ತಕಣಗಳು ಕಾಣುತ್ತವೆ. ಕಲ್ಚರ್‌ನಲ್ಲಿ, ಅಂದರೆ ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಬ್ಯಾಕ್ಟೀರಿಯಾ ಬೆಳೆದರೂ ಉರಿ, ಕೆಳಹೊಟ್ಟೆ ನೋವು, ಜ್ವರ ಯಾವುದೂ ಇಲ್ಲದಿದ್ದರೆ ಸಾಮಾನ್ಯವಾಗಿ ಔಷಧ ಬೇಡ. ಗರ್ಭಿಣಿಯರು ಮತ್ತು ಮೂತ್ರನಾಳದ ಶಸ್ತ್ರಚಿಕಿತ್ಸೆಗೆ ಹೋಗುವವರ ಲೆಕ್ಕ ಬೇರೆ. ಸುಮ್ಮನೆ ನುಂಗಿದ ಮಾತ್ರೆ ಕರುಳಿನ ನಿರುಪದ್ರವಿ ಬ್ಯಾಕ್ಟೀರಿಯಾಗಳನ್ನು ಕೊಂದು, ಔಷಧಕ್ಕೆ ಬಗ್ಗದ ಇ. ಕೋಲೈ, ಕ್ಲೆಬ್ಸಿಯೆಲ್ಲಾಗಳಿಗೆ ಜಾಗ ಮಾಡಿಕೊಡುತ್ತದೆ. ನಾಳೆ ನಿಜವಾದ ಸೋಂಕು ಬಂದಾಗ ಎದುರಾಗುವುದು ಅವೇ.

ಇನ್ನು ಚಳಿಜ್ವರ. ಕತ್ತಿನಲ್ಲಿ ಡಯಾಲಿಸಿಸ್ ಕ್ಯಾಥೆಟರ್ (ರಕ್ತನಾಳಕ್ಕೆ ಹಾಕಿದ ನಳಿಕೆ) ಇದ್ದರೆ ಮೊದಲ ಅನುಮಾನ ಅದರ ಮೇಲೆಯೇ ಇರಬೇಕು. ರಕ್ತದ ಕಲ್ಚರ್ ಕಳಿಸದೆ ಮೂತ್ರದ ಮೇಲೆ ತಪ್ಪು ಹೊರಿಸಿದರೆ ರಕ್ತದ ಸೋಂಕು ಕೈಮೀರುತ್ತದೆ.

ಮೂತ್ರದ ಕಲ್ಚರ್ ಬೇಕೇ ಎಂದಾದರೆ ಮೊದಲ ಮಾತ್ರೆಗೆ ಮುಂಚೆಯೇ ಸ್ಯಾಂಪಲ್ ಕೊಡಿ. ತೊಳೆದುಕೊಂಡು, ಮೊದಲ ಹನಿಗಳನ್ನು ಬಿಟ್ಟು, ಸ್ಟೆರೈಲ್ ಡಬ್ಬಿಯಲ್ಲಿ ಹಿಡಿದು, ಎರಡು ತಾಸಿನೊಳಗೆ ಲ್ಯಾಬ್‌ಗೆ ಮುಟ್ಟಿಸಬೇಕು, ಆಗದಿದ್ದರೆ ಫ್ರಿಜ್‌ನಲ್ಲಿಡಿ. ಯೂರಿನ್ ಬ್ಯಾಗ್‌ನಿಂದ ಬಗ್ಗಿಸಿದ ಮೂತ್ರ ಯಾವ ಕೆಲಸಕ್ಕೂ ಬಾರದು.

ವರದಿ ಬಂತು. ನೈಟ್ರೋಫ್ಯುರಾಂಟೊಯಿನ್ ಎಂಬ ಆಂಟಿಬಯೋಟಿಕ್‌ನ ಎದುರು ‘ಎಸ್’, ಅಂದರೆ ಈ ಔಷಧಕ್ಕೆ ಬ್ಯಾಕ್ಟೀರಿಯಾ ಸಾಯುತ್ತದೆ. ಜನ ಜಾರಿ ಬೀಳುವುದು ಇಲ್ಲೇ. ಆ ಔಷಧ ರಕ್ತದಿಂದ ಮೂತ್ರಕ್ಕೆ ಇಳಿದು ಅಲ್ಲಿ ಸಾಂದ್ರವಾಗುತ್ತದೆ ಎಂಬ ಎಣಿಕೆಯ ಮೇಲೆ ಲ್ಯಾಬ್ ‘ಎಸ್’ ಬರೆಯುತ್ತದೆ. ಇಳಿಸಬೇಕಾದ ಕಿಡ್ನಿಯೇ ಕೆಲಸ ಬಿಟ್ಟಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಔಷಧ ಮೂತ್ರಕ್ಕೆ ಹೋಗದೆ ದೇಹದಲ್ಲೇ ಉಳಿದು ನರಗಳಿಗೆ ಪೆಟ್ಟು ಕೊಡುತ್ತದೆ, ಪಾದ ಜೋಮು ಹಿಡಿಯುತ್ತದೆ. ಡಯಾಲಿಸಿಸ್‌ನವರಿಗೆ ಅದು ಸಲ್ಲದು. ಇನ್ನೊಂದು ಆಂಟಿಬಯೋಟಿಕ್ ಕೋಟ್ರೈಮಾಕ್ಸಜೋಲ್ ರಕ್ತದ ಪೊಟ್ಯಾಸಿಯಂ ಏರಿಸಬಲ್ಲದು. ಅಂದಹಾಗೆ, ವರದಿಯಲ್ಲಿ ಎಂ.ಐ.ಸಿ. (ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಬೇಕಾದ ಕನಿಷ್ಠ ಔಷಧದ ಪ್ರಮಾಣ) ಸಂಖ್ಯೆ ಕಡಿಮೆಯಿರುವ ಔಷಧವೇ ಒಳ್ಳೆಯದು ಎಂದು ಆರಿಸುವವರಿದ್ದಾರೆ. ಪ್ರತಿ ಔಷಧಕ್ಕೂ ಅಳತೆ ಬೇರೆಯಾದ್ದರಿಂದ ಆ ಹೋಲಿಕೆಗೆ ಅರ್ಥವಿಲ್ಲ.

ಡೋಸ್‌ನಲ್ಲಿ ಎರಡೂ ಕಡೆ ತಪ್ಪಾಗುತ್ತದೆ. ‘ಕಿಡ್ನಿ ಪೇಷೆಂಟ್, ಅರ್ಧ ಕೊಡಿ’ ಎಂದು ಮೊದಲ ಡೋಸನ್ನೇ ಕತ್ತರಿಸಿದರೆ ರಕ್ತದಲ್ಲಿ ಔಷಧ ಸಾಕಷ್ಟು ಮಟ್ಟಕ್ಕೆ ಏರುವುದೇ ಇಲ್ಲ. ಅರೆಜೀವವಾದ ಬ್ಯಾಕ್ಟೀರಿಯಾ ಚೇತರಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಮೊದಲ ಡೋಸ್ ಪೂರ್ತಿ, ಕಡಿತವೇನಿದ್ದರೂ ಆಮೇಲೆ. ಹಾಗೆಂದು ಸೆಫೆಪಿಮ್ ಎಂಬ ಆಂಟಿಬಯೋಟಿಕ್ ಅನ್ನು ಎಲ್ಲರಿಗೂ ಕೊಡುವಂತೆ ದಿನಕ್ಕೆ ಎರಡು-ಮೂರು ಬಾರಿ ಕೊಡುತ್ತ ಹೋದರೆ ರೋಗಿ ಗೊಂದಲಕ್ಕೀಡಾಗಿ, ಕೈಕಾಲು ಅದುರಿ, ಫಿಟ್ಸ್ ಬರಬಹುದು. ಮನೆಯವರು ಅದನ್ನು ಸೋಂಕೇ ಜೋರಾಯಿತು ಎಂದುಕೊಳ್ಳುತ್ತಾರೆ.

ಸಮಯವೂ ಅಷ್ಟೇ ಮುಖ್ಯ. ಮೆರೊಪೆನೆಮ್, ಸೆಫೆಪಿಮ್, ಅಮಿಕಾಸಿನ್‌ನಂಥವನ್ನು ಯಂತ್ರ ತೊಳೆದು ಹಾಕುತ್ತದೆ. ಆ ದಿನದ ಡೋಸ್ ಡಯಾಲಿಸಿಸ್ ಮುಗಿದ ಮೇಲೆಯೇ. ಸಿಪ್ರೊಫ್ಲಾಕ್ಸಾಸಿನ್ 250-500 ಮಿಲಿಗ್ರಾಂ, ದಿನಕ್ಕೊಮ್ಮೆ, ಅದೂ ಡಯಾಲಿಸಿಸ್ ಆದ ಮೇಲೆ. ಅದಕ್ಕೆ ಇನ್ನೊಂದು ಶತ್ರು, ಫಾಸ್ಫೇಟ್ ಇಳಿಸಲು ಊಟದ ಜೊತೆ ನುಂಗುವ ಮಾತ್ರೆ. ಕ್ಯಾಲ್ಸಿಯಂ ಅಸಿಟೇಟ್ ಆಗಲಿ ಸೆವೆಲಮರ್ ಆಗಲಿ, ಕರುಳಿನಲ್ಲೇ ಸಿಪ್ರೊವನ್ನು ಹಿಡಿದಿಟ್ಟು ರಕ್ತಕ್ಕೆ ಬಿಡುವುದಿಲ್ಲ. ಸಿಪ್ರೊ ಅದಕ್ಕಿಂತ ಎರಡು ತಾಸು ಮೊದಲು ಅಥವಾ ಆರು ತಾಸು ನಂತರ ಇರಲಿ.

ನಮ್ಮ ಕಡೆ ಉರಿಮೂತ್ರ ಅಂದರೆ ಎಳನೀರು, ಬಾರ್ಲಿ ನೀರು. ಡಯಾಲಿಸಿಸ್‌ನವರಿಗೆ ಎಳನೀರು ಎಂದರೆ ನೇರವಾಗಿ ಪೊಟ್ಯಾಸಿಯಂ, ಹೃದಯದ ಬಡಿತ ತಪ್ಪಿಸುವಷ್ಟು ಏರಬಹುದು. ಬಾರ್ಲಿ ನೀರನ್ನು ಲೀಟರ್‌ಗಟ್ಟಲೆ ಕುಡಿದರೆ ಅದು ಹೊರಗೆ ಹೋಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೆಡಿಕಲ್ ಶಾಪ್‌ನ ಸಿಟ್ರೇಟ್ ಸಿರಪ್‌ಗಳಲ್ಲಿ ಸೋಡಿಯಂ ಇಲ್ಲವೇ ಪೊಟ್ಯಾಸಿಯಂ ಇರುತ್ತದೆ, ಅವೂ ಬೇಡ.

ಮೂತ್ರ ಪೂರ್ತಿ ನಿಂತವರಿಗೂ ಸೋಂಕು ತಪ್ಪಿದ್ದಲ್ಲ. ಖಾಲಿ ಮೂತ್ರಕೋಶದಲ್ಲಿ ಕೀವು ತುಂಬಿಕೊಂಡು ಕೆಳಹೊಟ್ಟೆ ನೋಯುತ್ತದೆ, ವಾಸನೆಯ ಸ್ರಾವ ಬರುತ್ತದೆ. ಬರೀ ಮಾತ್ರೆಗೆ ಅದು ಜಗ್ಗುವುದಿಲ್ಲ. ಮೂತ್ರಕೋಶಕ್ಕೆ ಕ್ಯಾಥೆಟರ್ ಹಾಕಿ ಕೀವು ಹೊರತೆಗೆಯಬೇಕು.